ಎಲ್ಲರ ಹತ್ತಿರ ಹೋಗುತ್ತಿದ್ದ ಮಗು ಈಗ ಮುಖ ಕಂಡರೇ ಅಳುತ್ತದಲ್ಲ, ಯಾಕೆ?

ಎಂಟು-ಒಂಬತ್ತು ತಿಂಗಳ ಮಗುವಿರುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಮೊದಲು ಯಾರು ಕೈ ಚಾಚಿದರೂ ಹೋಗುತ್ತಿದ್ದ ಮಗು ಈಗ ಅಪರೂಪಕ್ಕೆ ಬರುವ ಅಜ್ಜಿಯನ್ನು ಕಂಡರೂ ಚೀರುತ್ತದೆ, ಅಮ್ಮ ಸ್ನಾನಕ್ಕೆ ಹೋದರೂ ಬಾಗಿಲ ಮುಂದೆ ಅಳುತ್ತದೆ. ಏನಾದರೂ ತೊಂದರೆಯೇ? ಅಲ್ಲ. ಮಗುವಿನ ತಿಳಿವಳಿಕೆ ಬೆಳೆದಿದೆ, ಅಳು ಅದರ ಗುರುತು.

ಹುಟ್ಟಿದ ಮಗುವಿಗೆ 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು ಚೆನ್ನಾಗಿ ಕಾಣುತ್ತದೆ. ಹಾಲು ಕುಡಿಯುವಾಗ ಅಮ್ಮನ ಮುಖ ಇರುವುದು ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಆರರಿಂದ ಎಂಟು ವಾರಕ್ಕೆ ಮುಖ ನೋಡಿ ನಗುವುದು ಶುರುವಾಗುತ್ತದೆ. ತನ್ನವರು ಯಾರೆಂದು ಆಗಲೂ ಗೊತ್ತು, ಆದರೆ ಹೊಸ ಮುಖಕ್ಕೂ ನಗು ಧಾರಾಳವಾಗಿ ಸಿಗುತ್ತದೆ.

ಎಂಟನೇ ತಿಂಗಳ ಸುಮಾರಿಗೆ ಇದು ಬದಲಾಗುತ್ತದೆ. ನಾಲ್ಕು ತಿಂಗಳ ಮಗುವಿನ ಮುಂದಿರುವ ಗೊಂಬೆಗೆ ಬಟ್ಟೆ ಮುಚ್ಚಿ ನೋಡಿ, ಅದು ಹುಡುಕುವುದಿಲ್ಲ. ಒಂಬತ್ತು ತಿಂಗಳ ಮಗು ಬಟ್ಟೆ ಎಳೆದು ಗೊಂಬೆ ತೆಗೆಯುತ್ತದೆ. ಕಣ್ಣಿಗೆ ಕಾಣದ್ದೂ ಎಲ್ಲೋ ಇರುತ್ತದೆ ಎಂಬ ಅದೇ ಅರಿವು ಅಮ್ಮನ ವಿಷಯದಲ್ಲೂ ಕೆಲಸ ಮಾಡುತ್ತದೆ: ಅಮ್ಮ ಇದ್ದಾಳೆಂದು ಗೊತ್ತು, ಯಾವಾಗ ಬರುತ್ತಾಳೆಂದು ಗೊತ್ತಿಲ್ಲ. ಬಿಟ್ಟು ಹೋದಾಗಿನ ಈ ಅಳು ಸಾಮಾನ್ಯವಾಗಿ ಹತ್ತರಿಂದ ಹದಿನೆಂಟು ತಿಂಗಳ ನಡುವೆ ಜೋರಾಗಿರುತ್ತದೆ, ಮೂರು ವರ್ಷದ ಹೊತ್ತಿಗೆ ಬಹಳ ಮಟ್ಟಿಗೆ ತಗ್ಗುತ್ತದೆ. ಸ್ವಭಾವದಿಂದಲೇ ಕಡಿಮೆ ಅಳುವ ಮಕ್ಕಳೂ ಇರುತ್ತವೆ.

ಇದೇ ವಯಸ್ಸಿನಲ್ಲಿ ಮಗು ನಿಮ್ಮ ಮುಖ ಓದಲು ಕಲಿಯುತ್ತದೆ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದು ವರ್ಷದ ಮಕ್ಕಳನ್ನು ಗಾಜಿನ ಮೇಲ್ಮೈ ಮೇಲೆ ಬಿಟ್ಟರು. ಗಾಜಿನಡಿ ಮುಂದೆ ಒಂದು ತಗ್ಗು ಇದ್ದಂತೆ ಕಾಣುತ್ತಿತ್ತು. ಆಚೆ ನಿಂತ ಅಮ್ಮ ನಗುತ್ತಿದ್ದಾಗ 19 ಮಕ್ಕಳಲ್ಲಿ 14 ದಾಟಿ ಹೋದವು. ಅಮ್ಮ ಹೆದರಿದ ಮುಖ ಮಾಡಿದಾಗ ಒಂದೂ ದಾಟಲಿಲ್ಲ. ಹಾಗಾಗಿ ನೆಂಟರು ಬಂದಾಗ ನೀವೇ "ಅಯ್ಯೋ, ಈಗ ಅಳುತ್ತದೆ" ಎಂದು ಗಾಬರಿಯಾದರೆ ಮಗು ನೋಡುವುದು ಆ ಗಾಬರಿಯನ್ನೇ.

ಬಂದವರು ಮೊದಲ ಹತ್ತು-ಹದಿನೈದು ನಿಮಿಷ ಮಗುವಿನ ಜೊತೆಯಲ್ಲ, ನಿಮ್ಮ ಜೊತೆ ಮಾತಾಡಲಿ. ಮಗು ನಿಮ್ಮ ತೊಡೆಯ ಮೇಲಿರಲಿ, ಅವರು ಒಂದೆರಡು ಮೀಟರ್ ದೂರದಲ್ಲಿ ಕೂತಿರಲಿ. ನೇರ ದಿಟ್ಟಿಸದೆ ಕೈಯಲ್ಲೊಂದು ಆಟಿಕೆ ಹಿಡಿದು ಆಡಿಸುತ್ತಿರಲಿ. ಮಗು ಮೊದಲು ಸ್ತಬ್ಧವಾಗುತ್ತದೆ, ಕೆಳತುಟಿ ಮುಂದೆ ಬರುತ್ತದೆ, ನಿಮ್ಮ ಹೆಗಲಲ್ಲಿ ಮುಖ ಹುದುಗಿಸುತ್ತದೆ. ಸ್ವಲ್ಪ ಹೊತ್ತಿಗೆ ಒಂದು ಕಣ್ಣು ಮಾತ್ರ ಈಚೆ ತಿರುಗುತ್ತದೆ. ಕುತೂಹಲ ಭಯವನ್ನು ಮೀರುತ್ತಿರುವ ಹೊತ್ತು ಅದು. ಹೆಚ್ಚಿನವರು ಕೆಡಿಸುವುದೂ ಇಲ್ಲೇ: ಮಗು ಇಣುಕಿತೆಂದು ಎರಡೂ ಕೈ ಚಾಚಿ ಎತ್ತಿಕೊಳ್ಳಲು ಹೋಗುತ್ತಾರೆ, ಮತ್ತೆ ಮೊದಲಿಂದ ಶುರು. ಆಟಿಕೆ ಹಿಡಿದುಕೊಂಡೇ ಕಾಯಬೇಕು, ಮಗುವೇ ಕೈ ಚಾಚುವವರೆಗೆ. ಅಳುವ ಮಗುವನ್ನು "ರೂಢಿಯಾಗಲಿ" ಎಂದು ಬಲವಂತವಾಗಿ ಇನ್ನೊಬ್ಬರ ಕೈಗೆ ಕೊಡಬೇಡಿ. ಭಯ ಹೆಚ್ಚುತ್ತದೆಯೇ ಹೊರತು ಕರಗುವುದಿಲ್ಲ.

ಬಿಟ್ಟು ಹೋಗುವಾಗ ಕಣ್ತಪ್ಪಿಸಿ ಹೋಗುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಆ ದಿನ ಅಳು ತಪ್ಪಬಹುದು. ಆದರೆ ಅಮ್ಮ ಯಾವ ಗಳಿಗೆಯಲ್ಲಾದರೂ ಮಾಯವಾಗಬಹುದೆಂದು ತಿಳಿದ ಮಗು ಮರುದಿನದಿಂದ ಸೆರಗು ಬಿಡುವುದಿಲ್ಲ. "ಹೋಗಿ ಬರ್ತೀನಿ" ಎಂದು ಹೇಳಿಯೇ ಹೊರಡಿ, ಅರ್ಧ ನಿಮಿಷದೊಳಗೆ. ಅತ್ತಿತೆಂದು ಮೂರು ಸಲ ವಾಪಸ್ ಬಂದರೆ ಅಳು ಉದ್ದವಾಗುತ್ತದೆ. ನಿದ್ದೆ, ಹೊಟ್ಟೆ ಎರಡೂ ತುಂಬಿದ ಹೊತ್ತನ್ನೇ ಆರಿಸಿಕೊಳ್ಳಿ. ನೋಡಿಕೊಳ್ಳುವವರು ಹೊಸಬರಾದರೆ ಮೊದಲ ಕೆಲವು ದಿನ ನೀವೂ ಜೊತೆಗಿರಿ, ಆಮೇಲೆ ಐದು ನಿಮಿಷ, ಅರ್ಧ ಗಂಟೆ, ಒಂದು ಗಂಟೆ ಎಂದು ಬೆಳೆಸಿ. ಮುಖಕ್ಕೆ ಬಟ್ಟೆ ಮುಚ್ಚಿ ತೆಗೆಯುವ ಆಟವನ್ನು ದಿನವೂ ಆಡಿ. ಮರೆಯಾದ ಮುಖ ಮತ್ತೆ ಬರುತ್ತದೆಂಬ ಪಾಠ ಅದರಲ್ಲಿದೆ.

ಅತ್ತಾಗ ಎತ್ತಿಕೊಂಡರೆ ಹಟ ಕಲಿಯುತ್ತದೆ ಎಂಬ ಮಾತನ್ನು ನಂಬಬೇಡಿ. ಈ ವಯಸ್ಸಿನ ಮಗು ತನ್ನಷ್ಟಕ್ಕೆ ಸಮಾಧಾನವಾಗುವುದನ್ನು ಕಲಿಯುವುದೇ ನಿಮ್ಮ ಸಮಾಧಾನದಿಂದ.

ಹೊಸಬರನ್ನು ಕಂಡು ಅಳುವುದಕ್ಕಿಂತ ಗಮನಿಸಬೇಕಾದ ಬೇರೆ ಸಂಗತಿಗಳಿವೆ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ಬೇಕಾದ್ದನ್ನು ಬೆರಳು ತೋರಿಸಿ ಕೇಳದಿದ್ದರೆ ಮಕ್ಕಳ ವೈದ್ಯರನ್ನು ಕಾಣಿ. ಕಲಿತಿದ್ದ ನಗು, ಸದ್ದು, ಸನ್ನೆ ಯಾವ ವಯಸ್ಸಿನಲ್ಲಾದರೂ ನಿಂತುಹೋದರೆ ಕಾಯಲೇಬೇಡಿ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಈ ಲೆಕ್ಕವನ್ನು ಹುಟ್ಟಿದ ದಿನದಿಂದಲ್ಲ, ಹೆರಿಗೆ ಆಗಬೇಕಿದ್ದ ದಿನದಿಂದ ಹಾಕಬೇಕು.