ದಪ್ಪ ಗೋಡೆಯ ಮನೆಯೊಳಗೆ ವೈಫೈ

ಕೊಡಗಿನ ನಾಪೋಕ್ಲು ಹತ್ತಿರ ನಮ್ಮದು ಹಳೇ ಹೆಂಚಿನ ಮನೆ. ಗೋಡೆ ಒಂದೂವರೆ ಅಡಿ ದಪ್ಪ. ಫೈಬರ್ ಎಳೆದವರು ರೌಟರನ್ನು ಜಗಲಿ ಪಕ್ಕ ಮೊಳೆ ಹೊಡೆದು ನೇತುಹಾಕಿ ಹೋದರು. ಅಲ್ಲಿ ಕೂತರೆ ನೆಟ್ ಚೆನ್ನಾಗಿತ್ತು. ಒಳಗಿನ ಕೋಣೆಯಲ್ಲಿ ಸಿಗ್ನಲ್ ಒಂದೇ ಕಡ್ಡಿ. ಜುಲೈ ಮಳೆಯಲ್ಲಿ ಮಗಳು ಶಾಲು ಹೊದ್ದು, ಎರಚಲು ಬೀಳದ ಮೂಲೆ ಹುಡುಕಿ ಆನ್‌ಲೈನ್ ಪಾಠ ಕೇಳುತ್ತಿದ್ದಳು. ನೋಡಿದರೆ ಸಂಕಟವಾಗುತ್ತಿತ್ತು.

ಮೊದಲು ರೌಟರಿನ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಎಕ್ಸ್‌ಟೆಂಡರ್ ತಂದೆ. ಕಡ್ಡಿಗಳೇನೋ ತುಂಬಿದವು, ವೇಗ ಅರ್ಧಕ್ಕೆ ಇಳಿಯಿತು. ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಕಳಿಸಬೇಕಲ್ವಾ, ಅದಕ್ಕೆ. ಮಡಿಕೇರಿಯ ಅಂಗಡಿಗೆ ಮೂರು ಸಲ ಹೋದೆ. ಪ್ರತಿ ಸಲವೂ "ರೀಸ್ಟಾರ್ಟ್ ಮಾಡಿ ಸಾರ್." ನಿಮ್ಮ ಮನೆ ಗೋಡೆ ಹೇಗಿದೆ ಅಂತ ಒಂದು ಮಾತು ಕೇಳಿ ಮಾರಿದ್ದರೆ ಸಾಕಿತ್ತು.

ಕೊನೆಗೆ ಮೆಶ್ ತಂದೆ, ಅಂದರೆ ಸೇರಿ ಒಂದೇ ವೈಫೈ ಆಗಿ ಕೆಲಸ ಮಾಡುವ ಎರಡು ಪೆಟ್ಟಿಗೆ. ಪಕ್ಕದ ತೋಟದ ಹುಡುಗ ಬಂದು ನೋಡಿ, "ಅಣ್ಣಾ, ಎರಡರ ನಡುವೆ ಕೇಬಲ್ ಎಳೆದುಬಿಡಿ, ಗೋಡೆ ಜೊತೆ ಗುದ್ದಾಟ ಬೇಡ" ಅಂದ. ಅಟ್ಟದ ತೊಲೆಗುಂಟ 20 ಮೀಟರ್ ಎಳೆದೆವು. ಅವತ್ತು ಸಂಜೆಯೇ ಮಗಳು ಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ಕಾಫಿ ಹರವುವ ಕಣಕ್ಕೂ ಈಗ ಸಿಗ್ನಲ್ ಇದೆ. ಅಷ್ಟು ದೂರಕ್ಕೆ ವೈಫೈನ 2.4 ಗಿಗಾಹರ್ಟ್ಸ್ ರೇಡಿಯೋ ಅಲೆ ಒಳ್ಳೆಯದು. 5 ಗಿಗಾಹರ್ಟ್ಸ್‌ಗೆ ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ.

ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುತ್ತೇನೆ. ಕರೆಂಟ್ ಹೋದರೆ ರೌಟರಿಗೆ ಚಿಕ್ಕ 12 ವೋಲ್ಟ್ ಯುಪಿಎಸ್ ಇದೆ. ಒಳಗಿನ ಪೆಟ್ಟಿಗೆಗೂ ಒಂದು ತರಬೇಕು.