"ಬೆಲೆ ಎಷ್ಟು ಹಾಕ್ಲಿ ಅಮ್ಮ?"

ಮೊನ್ನೆ ಮಂಗಳವಾರ ಉಡುಪಿಯ ಹಳೆಯ ಮನೆಯೊಂದರ ಚಾವಡಿಯಲ್ಲಿ ಕೇಳಿದ ಮಾತು ಇನ್ನೂ ಕಿವಿಯಿಂದ ಹೋಗಿಲ್ಲ. ಪುಣೆಗೆ ಹೋಗುವ ಸಾಮಾನಿನ ಪಟ್ಟಿ ಬರೆಯುತ್ತಿದ್ದ ಸಾಗಣೆ ಕಂಪನಿಯ ಹುಡುಗ ಮಂಚದ ಹತ್ತಿರ ಬಂದು ನಿಂತ.

"ಅಮ್ಮ, ಇದಕ್ಕೆ ಬೆಲೆ ಎಷ್ಟು ಹಾಕ್ಲಿ?"

"ಹಳೆ ಮಂಚಕ್ಕೆ ಎಂತ ಬೆಲೆ ಮಾರಾಯ? ಒಂದು ಸಾವಿರ ಬರಿ."

ಅವನು ಬರೆದ. 1,000. ಮುಂದಿನ ಸಾಲಿಗೆ ಹೋದ: ವಾಷಿಂಗ್ ಮೆಷಿನ್, 18,000.

ಸಾಗುವಾನಿ ಮಂಚ ಅದು. ಆರೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲ, ಕಡೆದ ಕಾಲುಗಳು. ಎಲ್ಲಿಯೂ ಒಂದು ಕಬ್ಬಿಣದ ಮೊಳೆ ಇಲ್ಲ. ಅತ್ತೆಯವರ ಕಾಲದ್ದಂತೆ. ಐದು ವರ್ಷ ಓಡಿದ ಮೆಷಿನ್ನಿಗೆ 18,000, ಎರಡು ತಲೆಮಾರು ಮಲಗಿದ ಮಂಚಕ್ಕೆ 1,000. ಹುಡುಗ ಮೋಸ ಮಾಡಲಿಲ್ಲ. ಕೇಳಿದ, ಹೇಳಿದ್ದನ್ನು ಬರೆದ. ಆದರೆ ಆ ಅಂಕಿಯಿಂದ ಏನಾಗುತ್ತದೆ ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಕಲಿಸಬೇಕಾದವರಿಗೆ ಕಲಿಸದಿರುವುದರಲ್ಲೇ ಲಾಭವಿದೆ, ಅದಕ್ಕೇ ಸಿಟ್ಟು ಬರುವುದು.

ಲಾರಿಯಲ್ಲಿ ಹೋಗುವ ಸಾಮಾನಿಗೆ 2007ರ ರಸ್ತೆ ಸಾಗಣೆ ಕಾಯ್ದೆಯೂ ಅದರ ಮೇಲೆ 2011ರಲ್ಲಿ ಬಂದ ನಿಯಮಗಳೂ ಅನ್ವಯಿಸುತ್ತವೆ. ಸಾಮಾನು ಕಳೆದರೆ, ಮುರಿದರೆ ಸಾಗಣೆದಾರ ಕೊಡಬೇಕಾದ ಪರಿಹಾರಕ್ಕೆ ಅಲ್ಲೊಂದು ಮಿತಿ ಇದೆ: ಬಾಡಿಗೆಯ ಹತ್ತು ಪಟ್ಟು. ಅದಕ್ಕೂ ಒಂದು ಬೇಲಿ ಇದೆ. ಕಳಿಸುವವರು ಬರೆಸಿದ ಬೆಲೆಗಿಂತ ಆ ಮೊತ್ತ ಹೆಚ್ಚಾಗುವಂತಿಲ್ಲ. ಹೆಚ್ಚಿನ ಹೊಣೆ ಬೇಕಾದರೆ ಮೊದಲೇ ಹೆಚ್ಚಿನ ಬೆಲೆ ಬರೆಸಿ, ಅದಕ್ಕೆ ತಕ್ಕ ದರ ಕೊಟ್ಟು ರಸೀದಿಯಲ್ಲಿ ನಮೂದಾಗುವಂತೆ ನೋಡಿಕೊಳ್ಳಬೇಕು. ಬಾಡಿಗೆ ಎಂದರೆ ಬರೀ ಬಾಡಿಗೆ. 22,000 ರೂಪಾಯಿಯ ಬಿಲ್ಲಿನಲ್ಲಿ 10,000 ಪ್ಯಾಕಿಂಗಿಗೆ ಎಂದು ಒಡೆದು ತೋರಿಸಿದ್ದರೆ ಹತ್ತು ಪಟ್ಟಿನ ಲೆಕ್ಕ ಉಳಿದ 12,000ದ ಮೇಲೆ. ಪರಿಹಾರ ಕೇಳುವ ನೋಟಿಸನ್ನೂ ಸಾಗಣೆದಾರನಿಗೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತವಾಗಿಯೇ ಕೊಡಬೇಕು. ಫೋನಿನಲ್ಲಿ ಎಷ್ಟು ಜಗಳವಾಡಿದರೂ ಅದು ನೋಟಿಸ್ ಆಗುವುದಿಲ್ಲ.

ಹೀಗಿರುವಾಗ ಪುಣೆಯಲ್ಲಿ ಕಾಲು ಮುರಿದ ಮಂಚ ಇಳಿದರೆ, ತೋರಿಸುವುದಕ್ಕೆ ಆ ಅಮ್ಮನ ಬಾಯಿಂದಲೇ ಬಂದ ಸಾವಿರ ರೂಪಾಯಿ ಬಿಟ್ಟು ಬೇರೇನೂ ಇರುವುದಿಲ್ಲ.

"ಹಾಗಾದ್ರೆ ಎಷ್ಟು ಬರಿಬೇಕಿತ್ತು?" ಎಂದು ಅವರೇ ಕೇಳಿದರು. ಅಂದಾಜಿನಿಂದ ಹೇಳುವ ಮಾತಲ್ಲ ಇದು. ಅದೇ ಮಂಚವನ್ನು ಇವತ್ತು ಆಚಾರಿಗಳ ಹತ್ತಿರ ಮಾಡಿಸಿದರೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಬೇಕು. ಮಲಗುವ ಹಲಗೆ ಒಂದು ಇಂಚು ದಪ್ಪ ಎಂದರೆ ಎರಡು ಘನ ಅಡಿಗೆ ಸ್ವಲ್ಪ ಮೇಲೆ. ಉದ್ದ-ಅಡ್ಡ ಪಟ್ಟಿಗಳು ನಾಲ್ಕೂ ಸೇರಿ ಒಂದೂಕಾಲು, ಕಾಲುಗಳು ಮುಕ್ಕಾಲಿಗೆ ಮೇಲೆ, ತಲೆಯ ಕಡೆಯ ಹಲಗೆ ಅರ್ಧ. ಒಟ್ಟು ಐದರ ಹತ್ತಿರ. ಕೊಯ್ದು, ಕಡೆದು ಹೋಗುವ ಮರವನ್ನೂ ಸೇರಿಸಿದರೆ ಆರು ಘನ ಅಡಿ. ಒಳ್ಳೆಯ ಸಾಗುವಾನಿಗೆ ಘನ ಅಡಿಗೆ 4,000 ಹಿಡಿದರೂ ಮರಕ್ಕೇ 24,000. ಕಡೆತ, ಕೂಡಿಸುವ ಕೂಲಿ, ಪಾಲಿಶು ಎಲ್ಲ ಸೇರಿ ಇನ್ನೊಂದು 16,000. ನಲವತ್ತು ಸಾವಿರ! ಅಮ್ಮ ಮಂಚದ ಅಂಚಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಗ ಪುಣೆಯಿಂದ ಎರಡು ಸಲ ಫೋನ್ ಮಾಡಿದರು. ಒಳ್ಳೆಯ ಮಗ, ಅಮ್ಮ ಒಬ್ಬರೇ ಇರಬಾರದೆಂದು ಕರೆಸಿಕೊಳ್ಳುತ್ತಿದ್ದಾರೆ. ಆದರೆ ಉಳಿತಾಯವನ್ನು ಅವರು ಹುಡುಕಿದ ಜಾಗ ಸರಿಯಿಲ್ಲ. ಇಡೀ ಲಾರಿಗೆ 38,000, ಬೇರೆಯವರ ಸಾಮಾನಿನ ಜೊತೆ ಹೋದರೆ 22,000. ಹದಿನಾರು ಸಾವಿರ ಉಳಿಯುತ್ತದೆ ಎಂದು ಎರಡನೆಯದನ್ನೇ ಹಿಡಿದಿದ್ದರು.

ಮನೆಯಿಂದ ಮನೆಗೆ ಒಂದೇ ಲಾರಿ ಹೋದರೆ ಮಂಚದ ಮೇಲೆ ಎರಡು ಸಲ ಕೈ ಬೀಳುತ್ತದೆ, ಹತ್ತಿಸುವಾಗ ಮತ್ತು ಇಳಿಸುವಾಗ. ಪಾಲು ಲಾರಿಯಲ್ಲಿ ಹಾಗಲ್ಲ. ಮನೆಯಿಂದ ಸಣ್ಣ ಗಾಡಿಗೆ, ಗಾಡಿಯಿಂದ ಉಡುಪಿಯ ಗೋಡೌನಿಗೆ, ಗೋಡೌನಿನಿಂದ ದೊಡ್ಡ ಲಾರಿಗೆ, ನಡುವೆ ಹುಬ್ಬಳ್ಳಿಯಂಥ ಕಡೆ ಇಳಿಸಿ ಇನ್ನೊಂದಕ್ಕೆ, ಪುಣೆಯಲ್ಲಿ ಮತ್ತೆ ಗೋಡೌನು, ಮತ್ತೆ ಸಣ್ಣ ಗಾಡಿ, ಕೊನೆಗೆ ಮನೆ. ಎಂಟು ಹತ್ತು ಸಲ ಕೈ ಬದಲು. ಪ್ರತಿ ಕೈಯೂ ಬೇರೆ, ಯಾರಿಗೂ ಇದು ಯಾರ ಮಂಚವೆಂದು ಗೊತ್ತಿಲ್ಲ. 700 ಕಿಲೋಮೀಟರಿಗೂ ಹೆಚ್ಚಿನ ದಾರಿಯಲ್ಲಿ ಅರೆಬೈಲ್ ಘಾಟಿ ಮಾಡುವುದಕ್ಕಿಂತ ಹೆಚ್ಚಿನ ಹಾನಿಯನ್ನು ಗೋಡೌನಿನ ಸಿಮೆಂಟು ನೆಲ ಮಾಡುತ್ತದೆ. ಪುಸ್ತಕ, ಬಟ್ಟೆ, ಪಾತ್ರೆಯ ಪೆಟ್ಟಿಗೆಗಳು ಪಾಲು ಲಾರಿಯಲ್ಲಿ ಚೆನ್ನಾಗಿಯೇ ಹೋಗುತ್ತವೆ. ಕಾಲುಳ್ಳ, ಗಾಜುಳ್ಳ, ಹಳೆಯ ಕೂಡುಗಳುಳ್ಳ ಸಾಮಾನಿಗೆ ಅದು ಬೇಡ.

ರೈಲಿನ ಪಾರ್ಸಲ್ಲಿನಲ್ಲಿ ಅಗ್ಗವಲ್ಲವೇ ಎಂದು ಪಕ್ಕದ ಮನೆಯವರೊಬ್ಬರು ಕೇಳಿದರು. ಬೈಕಿಗೆ, ಪೆಟ್ಟಿಗೆಗಳಿಗೆ ಅದು ಒಳ್ಳೆಯ ದಾರಿ. ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಆರ್‌ಸಿಯ ನಕಲು ಕೊಡಬೇಕು, ಅಷ್ಟೇ. ಆದರೆ ಎರಡು ಮೂರು ನಿಮಿಷ ನಿಲ್ಲುವ ನಿಲ್ದಾಣದಲ್ಲಿ ಮಂಚ, ಬೀರು ಹತ್ತಿಸಲು ಆಗುವುದಿಲ್ಲ. ರೈಲು ಹೊರಡುವ ಮಂಗಳೂರಿನಂಥ ಊರಿಗೆ ಒಯ್ಯಬೇಕು. ಬೆಲೆ ಘೋಷಿಸಿ ಶೇಕಡಾವಾರು ಶುಲ್ಕ ಕಟ್ಟದಿದ್ದರೆ ಪಾರ್ಸಲ್ಲಿಗೆ ರೈಲ್ವೆಯ ಹೊಣೆ ಕಿಲೋಗೆ 50 ರೂಪಾಯಿಗೆ ನಿಲ್ಲುತ್ತದೆ. ಅಲ್ಲಿಯೂ ಅದೇ ಪ್ರಶ್ನೆ ಬಂದು ಕೂರುತ್ತದೆ: ಬೆಲೆ ಎಷ್ಟು ಹಾಕ್ಲಿ?

ಆ ಮನೆಗೆ ಯಾರೂ ಹೇಳದ ಮೂರನೆಯ ದಾರಿಯೊಂದಿತ್ತು. ಎರಡು ಕೋಣೆಯ ಮನೆ ಎಂದ ಕೂಡಲೇ ಎಲ್ಲರೂ ಹದಿನಾಲ್ಕು ಅಡಿಯ ಲಾರಿಯ ದರ ಹೇಳುತ್ತಾರೆ. ಕೋಣೆ ಎಣಿಸಿದರೆ ಸಾಲದು, ಘನ ಅಡಿ ಎಣಿಸಬೇಕು. ಹದಿನಾಲ್ಕು ಅಡಿ ಉದ್ದ, ಆರು ಅಡಿ ಅಗಲ, ಆರು ಅಡಿ ಎತ್ತರಕ್ಕೆ 504 ಘನ ಅಡಿ. ಇಲ್ಲಿದ್ದದ್ದು ಎಷ್ಟು? ಕಬ್ಬಿಣದ ಬೀರು 31, ಫ್ರಿಜ್ 20, ಬಿಚ್ಚಿದ ಮಂಚ 10, ಹಾಸಿಗೆ 13, ಎರಡು ಕುರ್ಚಿ ಸೋಫಾ 50, ಊಟದ ಮೇಜು ಮತ್ತು ಕುರ್ಚಿಗಳು 40, ವಾಷಿಂಗ್ ಮೆಷಿನ್ 12, ಒಂದೂವರೆ ಅಡಿಯ 25 ರಟ್ಟಿನ ಪೆಟ್ಟಿಗೆಗಳು 84. ಒಟ್ಟು 260. ಸಂದುಗಳಿಗೆಂದು ಆರನೆಯ ಒಂದು ಭಾಗ ಸೇರಿಸಿದರೂ 305 ದಾಟುವುದಿಲ್ಲ. ಹತ್ತು ಅಡಿಯ ಮುಚ್ಚಿದ ಮೈಯ ಟಾಟಾ 407 ಸಣ್ಣ ಲಾರಿಯಲ್ಲಿ ಸುಮಾರು 330 ಹಿಡಿಯುತ್ತದೆ. ಬಿಗಿಯಾಗಿ ಜೋಡಿಸಬೇಕು, ಬಿಗಿಯಾಗಿದ್ದರೇ ಒಳ್ಳೆಯದು, ಅಲುಗಾಡುವುದಿಲ್ಲ. ಅದೇ ಕಂಪನಿಯವರನ್ನು ಕೇಳಿದಾಗ 29,000ಕ್ಕೆ ಒಪ್ಪಿದರು. ಪಾಲು ಲಾರಿಗಿಂತ ಏಳು ಸಾವಿರ ಹೆಚ್ಚು, ಕೈಗಳು ಎರಡೇ. ಮಹಾರಾಷ್ಟ್ರಕ್ಕೆ ಹೋಗುವ ಗಾಡಿಗೆ ನ್ಯಾಷನಲ್ ಪರ್ಮಿಟ್ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ನೋಡಬೇಕು. ಬಳಸಿದ ಮನೆ ಸಾಮಾನಿಗೆ ಜಿಎಸ್‌ಟಿಯ ಸಾಗಣೆ ಪತ್ರವಾದ ಇ-ವೇ ಬಿಲ್ ಬೇಡ, ಆದರೆ ಸಹಿ ಮಾಡಿದ ಪಟ್ಟಿಯೂ ಗುರುತಿನ ಚೀಟಿಯ ನಕಲೂ ಚಾಲಕನ ಕೈಯಲ್ಲಿರಬೇಕು.

ಈ ಇಡೀ ವ್ಯವಹಾರದಲ್ಲಿ ಮೆಚ್ಚಬೇಕಾದವರು ಸೊಸೆ. ಏಳನೆಯ ಮಹಡಿಯ ಲಿಫ್ಟಿನ ಬಾಗಿಲು 80 ಸೆಂಟಿಮೀಟರ್, ಒಳಗಿನ ಎತ್ತರ ಏಳು ಅಡಿ, ಮೆಟ್ಟಿಲ ತಿರುವಿನ ಅಗಲ ಇಷ್ಟು ಎಂದು ಟೇಪು ಹಿಡಿದು ಅಳೆದು, ಫೋಟೊ ಸಮೇತ ಕಳಿಸಿದ್ದರು. ಕೇಳದೆ ಅಳತೆ ಕಳಿಸುವವರು ಅಪರೂಪ. ಆರೂವರೆ ಅಡಿಯ ಬೀರು ನಿಂತೇ ಹೋಗುತ್ತದೆ ಎಂದು ಅದರಿಂದಲೇ ಖಾತ್ರಿಯಾಯಿತು.

ಬುಧವಾರ ಬೆಳಿಗ್ಗೆ ಮಂಚ ಬಿಚ್ಚಿದರು. ಚೌಕಟ್ಟಿನ ಮರದ ಪಟ್ಟಿಯ ತುದಿಯ ನಾಲಗೆ ಕಾಲಿನ ತೂತಿನೊಳಗೆ ಕೂತು, ಅಡ್ಡಲಾಗಿ ಮರದ ಬೆಣೆ ಹೊಡೆದ ಕೂಡು ಅದು. ಮಳೆಗಾಲದಲ್ಲಿ ಕರಾವಳಿಯ ಮರ ನೀರು ಕುಡಿದು ಉಬ್ಬಿರುತ್ತದೆ, ಬೆಣೆ ಸುಲಭಕ್ಕೆ ಬರುವುದಿಲ್ಲ. ಬೆಣೆಯ ಸಣ್ಣ ತುದಿಯ ಕಡೆಯಿಂದ ಮರದ ತುಂಡು ಒತ್ತಿಟ್ಟು ಕೊಡತಿಯಿಂದ, ಅಂದರೆ ಮರದ ಸುತ್ತಿಗೆಯಿಂದ, ತಟ್ಟಬೇಕು. ಕಬ್ಬಿಣದ ಸುತ್ತಿಗೆಯಿಂದ ನೇರ ಹೊಡೆದರೆ ಬೆಣೆಯ ತಲೆ ಅರಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಾಲು ಹಿಡಿದು ಅಲ್ಲಾಡಿಸಿ ಎಳೆದರೆ ತೂತಿನ ತುಟಿ ಸೀಳುತ್ತದೆ. ಯಾವ ಪಟ್ಟಿ ಯಾವ ಕಾಲಿಗೆ ಎಂದು ಒಳಮೈಯಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಕೈಯಿಂದ ಮಾಡಿದ ಮಂಚದಲ್ಲಿ ಒಂದರ ನಾಲಗೆ ಇನ್ನೊಂದರ ತೂತಿಗೆ ಸರಿಹೋಗುವುದಿಲ್ಲ. ಅಮ್ಮನೇ ಕೂತು "ತಲೆ ಎಡ", "ತಲೆ ಬಲ", "ಕಾಲು ಎಡ", "ಕಾಲು ಬಲ" ಎಂದು ಬರೆದರು.

ಈಗಿನ ಪಾರ್ಟಿಕಲ್ ಬೋರ್ಡಿನ ಕಪಾಟುಗಳಿಗೆ ಈ ಅನುಕೂಲವಿಲ್ಲ. ಎರಡು ಸಲ ಬಿಚ್ಚಿ ಜೋಡಿಸಿದರೆ ಸ್ಕ್ರೂ ತೂತು ಪುಡಿಯಾಗಿ ಹಿಡಿತ ಹೋಗುತ್ತದೆ. ಬಿಚ್ಚದೆ ಮಲಗಿಸಿ ಸಾಗಿಸಿದರೆ ಹಿಂದಿನ ತೆಳು ಹಲಗೆ ಕಿತ್ತು ಇಡೀ ಪೆಟ್ಟಿಗೆ ಓರೆಯಾಗುತ್ತದೆ. ಮಾರಿ ಹೋಗುವುದಾದರೆ ಮಾರಬೇಕಾದದ್ದು ಅಂಥದ್ದನ್ನು. ಆ ಮನೆಯಲ್ಲಿ ಅಂಥ ಟಿವಿ ಸ್ಟ್ಯಾಂಡೊಂದು ಇತ್ತು, ಪಟ್ಟಿಯಲ್ಲಿ 6,000 ಬೆಲೆ ಪಡೆದಿತ್ತು. ಅದನ್ನು ಅಲ್ಲೇ ಬಿಟ್ಟರು.

ಸುತ್ತುವಾಗ ಹುಡುಗರು ಮೊದಲು ಬಬಲ್ ಹಾಳೆಗೆ ಕೈಹಾಕಿದರು. ಪಾಲಿಶ್ ಮಾಡಿದ ಮರಕ್ಕೆ ಅದು ನೇರ ತಾಗಬಾರದು, ಲಾರಿಯೊಳಗಿನ ಸೆಕೆಗೆ ಪಾಲಿಶಿನ ಮೇಲೆ ಗುಂಡು ಗುಂಡು ಕಲೆ ಕೂರುತ್ತದೆ. ಮೊದಲು ಹಳೆಯ ಹತ್ತಿಯ ಸೀರೆ ಅಥವಾ ಬೆಡ್‌ಶೀಟ್, ಮೇಲೆ ಸುಕ್ಕುರಟ್ಟು, ಅದರ ಮೇಲೆ ಟೇಪು. ಟೇಪು ಮರಕ್ಕೆ ಅಂಟಬಾರದು, ಕಿತ್ತಾಗ ಪಾಲಿಶನ್ನೂ ಕಿತ್ತುಕೊಂಡು ಬರುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಫಿಲ್ಮಿನಿಂದ ಪೂರ್ತಿ ಬಿಗಿದರೆ ಒಳಗಿನ ತೇವ ಹೊರಗೆ ಹೋಗಲಾರದೆ ಬೂಸಲು ಹಿಡಿಯುತ್ತದೆ. ಎರಡು ತುದಿ ತೆರೆದಿರಲಿ. ಹಿಂದಿನ ಚಕ್ರದ ಅಚ್ಚಿನ ಹಿಂಭಾಗ ಲಾರಿಯಲ್ಲಿ ಅತಿ ಹೆಚ್ಚು ಕುಪ್ಪಳಿಸುವ ಜಾಗ, ಕನ್ನಡಿ, ಗಾಜು ಅಲ್ಲಿ ಬೇಡ. ಬೀರು ಚಾಲಕನ ಕೋಣೆಯ ಗೋಡೆಗೆ ಒರಗಿ ನಿಲ್ಲಲಿ, ನಡುವೆ ಹಾಸಿಗೆ. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ ನೀರಿಳಿಸಿ ನಿಲ್ಲಿಸಿಯೇ ಒಯ್ಯಬೇಕು. ಮುಂಬಾಗಿಲಿನ ವಾಷಿಂಗ್ ಮೆಷಿನ್ನಿಗೆ ಡ್ರಮ್ಮು ಹಿಡಿದಿಡುವ ಟ್ರಾನ್ಸಿಟ್ ಬೋಲ್ಟುಗಳನ್ನು ಮತ್ತೆ ಹಾಕಬೇಕು. ಹೆಚ್ಚಿನವರು ಮೆಷಿನ್ ಬಂದ ದಿನವೇ ಎಸೆದಿರುತ್ತಾರೆ, ಇಲ್ಲಿ ಪುಣ್ಯಕ್ಕೆ ಸಕ್ಕರೆ ಡಬ್ಬದಲ್ಲಿ ಸಿಕ್ಕಿದವು.

ವಿಮೆಯ ವಿಷಯಕ್ಕೆ ಬಂದಾಗ ಮತ್ತೆ ಅದೇ ಪ್ರಶ್ನೆ ಎದ್ದಿತು. "ಮೂರು ಪರ್ಸೆಂಟ್ ಇನ್ಶೂರೆನ್ಸ್" ಎಂದು ಬಿಲ್ಲಿನಲ್ಲಿ ಬರೆದ ಮಾತ್ರಕ್ಕೆ ವಿಮೆ ಆಗುವುದಿಲ್ಲ. ಎಷ್ಟೋ ಕಡೆ ಅದು ಸಾಗಣೆದಾರ ತಾನೇ ತೆಗೆದುಕೊಳ್ಳುವ ಹೊಣೆ ಶುಲ್ಕ. ವಿಮಾ ಕಂಪನಿಯ ಹೆಸರೂ ಪಾಲಿಸಿ ಸಂಖ್ಯೆಯೂ ಇರುವ ಪತ್ರ ಗಾಡಿ ಹೊರಡುವ ಮೊದಲು ಕೈಗೆ ಬರಬೇಕು. ಅಪಘಾತ, ಬೆಂಕಿ ಮಾತ್ರವೇ, ಇಳಿಸುವಾಗ ಮುರಿದರೂ ಸಿಗುತ್ತದೆಯೇ ಎಂದು ಅದರಲ್ಲಿ ಓದಬೇಕು. ಬೆಲೆ ಕಡಿಮೆ ಬರೆಸಿದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಮೂರು ಲಕ್ಷದ ಸಾಮಾನಿಗೆ ಒಂದು ಲಕ್ಷ ಬರೆಸಿದವರಿಗೆ 30,000ದ ಹಾನಿಗೆ 10,000.

ನಮ್ಮ ಮನೆಗಳಲ್ಲಿ ಬೆಲೆ ಎಂದರೆ ಮಾರಿದರೆ ಬರುವ ದುಡ್ಡು. ಹಳೆಯದನ್ನು ಯಾರು ಕೊಳ್ಳುತ್ತಾರೆ, ಹಾಗಾಗಿ ಬೆಲೆಯಿಲ್ಲ. ತಾವು ಬಳಸಿದ್ದನ್ನು, ತಮ್ಮದನ್ನು ಕಡಿಮೆ ಮಾಡಿ ಹೇಳುವುದು ಆ ವಯಸ್ಸಿನ ಹೆಂಗಸರಿಗೆ ಅಭ್ಯಾಸವೂ ಆಗಿದೆ. "ಎಂತ ಬೆಲೆ ಮಾರಾಯ" ಎಂದಾಗ ಆ ಅಮ್ಮ ಮಂಚದ ಬಗ್ಗೆ ಮಾತ್ರ ಹೇಳಿದರು ಅನ್ನಿಸಲಿಲ್ಲ. ಊರು ಬಿಟ್ಟು ಮಗನ ಮನೆಗೆ ಹೋಗುವವರು, ತನ್ನಿಂದ ಯಾರಿಗೂ ಹೊರೆಯಾಗಬಾರದೆಂದು ತನ್ನ ಸಾಮಾನಿನ ಲೆಕ್ಕವನ್ನೇ ಸಣ್ಣದು ಮಾಡುತ್ತಿದ್ದರು. ಪಟ್ಟಿ ತಿದ್ದುವಾಗ ಹುಡುಗ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ. ಈ ಸಲ ಅವರು ನಿಧಾನವಾಗಿ, ಸ್ಪಷ್ಟವಾಗಿ "ನಲವತ್ತು ಸಾವಿರ" ಎಂದರು. 1,000ವನ್ನು ಹೊಡೆದು ಹಾಕಿದ ಕಡೆ ಇಬ್ಬರೂ ಸಹಿ ಮಾಡಿದರು.

ಶುಕ್ರವಾರ ಮಧ್ಯಾಹ್ನ ಗಾಡಿ ಪುಣೆ ಸೇರಿತು. ಸೊಸೆ ಕಟ್ಟು ಬಿಚ್ಚಿ ಪ್ರತಿ ಕೂಡನ್ನೂ ನೋಡಿ, ಊಟದ ಮೇಜಿನ ಒಂದು ಮೂಲೆ ಜಜ್ಜಿದ್ದನ್ನು ತಲುಪಿಸಿದ ಚೀಟಿಯ ಮೇಲೆ ಬರೆದು, ಫೋಟೊ ತೆಗೆದ ಮೇಲೆಯೇ ಸಹಿ ಹಾಕಿದರು. ಮಂಚಕ್ಕೆ ಏನೂ ಆಗಿಲ್ಲ. ಆದರೆ ಉಡುಪಿಯ ಮಳೆಗಾಲದ ಮರ ಪುಣೆಯ ಫೆಬ್ರವರಿ, ಮಾರ್ಚಿನ ಒಣಹವೆಯಲ್ಲಿ ಕುಗ್ಗುತ್ತದೆ. ಒಂದೂವರೆ ಅಡಿ ಅಗಲದ ಹಲಗೆ ಮೂರು ನಾಲ್ಕು ಮಿಲಿಮೀಟರ್ ಕಿರಿದಾಗಬಹುದು, ಕೂಡು ಸಡಿಲವಾಗಬಹುದು. ಅದಕ್ಕೇ ಅಂಟು ಹಾಕಬೇಡಿ, ಎಸಿಯ ಗಾಳಿ ನೇರ ಬೀಳುವ ಕಡೆ ಇಡಬೇಡಿ, ಬೆಣೆಯನ್ನು ಈಗ ಮೆಲ್ಲಗೆ ಕೂರಿಸಿ, ಬೇಸಿಗೆಗೆ ಇನ್ನೊಮ್ಮೆ ತಟ್ಟಿ ಎಂದು ಹೇಳಿ ಕಳಿಸಿದ್ದಾಗಿತ್ತು.

ರಾತ್ರಿ ಅಮ್ಮನ ಫೋನ್ ಬಂತು. "ಮಲಗಿದೆ. ಕಿರ್ ಅನ್ನುವುದಿಲ್ಲ. ಕೊಡತಿ ಮಂಚದ ಅಡಿಯಲ್ಲೇ ಇಟ್ಟಿದ್ದೇನೆ, ಮಾರ್ಚಿಗೆ ಬೇಕಲ್ಲ."