ಸ್ಲೋ ನಿಲ್ಲದ ಕಾರು

ತಂದೆಯವರು ಬಿಟ್ಟುಹೋದ 1997ರ ಮಾರುತಿ 800 ಕಾರು ಕಳೆದ ಮಳೆಗಾಲದಲ್ಲಿ ಒಂದು ಹಟ ಹಿಡಿಯಿತು. ಬೆಳಿಗ್ಗೆ ಚೋಕ್ (ತಣ್ಣಗಿರುವ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡಿಸುವ ಗುಂಡಿ) ಎಳೆದು ಸ್ಟಾರ್ಟ್ ಮಾಡಿದರೆ ತಕರಾರಿಲ್ಲದೆ ಎದ್ದು ಕೂರುತ್ತಿತ್ತು, ರಸ್ತೆಯಲ್ಲಿ ಓಡುವಾಗಲೂ ಯಾವ ದೂರೂ ಇರಲಿಲ್ಲ. ಆದರೆ ಎಂಜಿನ್ ಬಿಸಿಯೇರಿ ಚೋಕ್ ಒಳಗೆ ತಳ್ಳಿದ ಮೇಲೆ, ಸಿಗ್ನಲ್ಲಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಸ್ಟೀರಿಂಗ್ ಸಮೇತ ನಡುಗಿ ಆಫ್ ಆಗಿಬಿಡುತ್ತಿತ್ತು. ಮೂರು ಸಿಲಿಂಡರಿನ ಎಂಜಿನ್ ಎರಡು ಸುತ್ತಿಗೆ ಮೂರೇ ಬಾರಿ ಉರಿಯುವುದರಿಂದ ಸ್ವಲ್ಪ ಅಲುಗಾಟ ಅದರ ಹುಟ್ಟುಗುಣ. ಇದು ಆ ಅಲುಗಾಟವಾಗಿರಲಿಲ್ಲ.

ಬಡಾವಣೆಯ ಗ್ಯಾರೇಜಿನಲ್ಲಿ ಮೂರು ಪ್ಲಗ್ ಬದಲಾಯಿಸಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ತೊಳೆದು, "ಸ್ಲೋ ಸ್ವಲ್ಪ ಜಾಸ್ತಿ ಮಾಡಿದ್ದೀನಿ ಸಾರ್, ಇನ್ನು ನಿಲ್ಲುತ್ತೆ" ಎಂದು ಕಳುಹಿಸಿದರು. ಸ್ಲೋ ಎಂದರೆ ಐಡ್ಲಿಂಗ್, ಆಕ್ಸಿಲರೇಟರ್ ಒತ್ತದಿರುವಾಗ ಎಂಜಿನ್ ತಿರುಗುವ ವೇಗ. ಸ್ಲೋ ನಿಂತಿತು, ನಿಜ, ಆದರೆ ನಿಂತಲ್ಲೇ ಹಾರಾಡುವಂತೆ ಗರ್ಜಿಸುತ್ತ. ಐಡ್ಲಿಂಗ್ ಸ್ಕ್ರೂ ತಿರುಗಿಸಿ ರೋಗವನ್ನು ಮುಚ್ಚುವುದೆಂದರೆ ಜ್ವರ ಬಂದವನಿಗೆ ಕಂಬಳಿ ಹೊದಿಸಿ ಗುಣವಾಯಿತೆನ್ನುವಂತೆ. ವಾರದೊಳಗೆ ಕಾರು ಮತ್ತೆ ಹಳೆಯ ಚಾಳಿಗೆ ಮರಳಿದಾಗ ನಾನೇ ಬಾನೆಟ್ ಎತ್ತಿದೆ.

ಮೊದಲು ನೋಡಬೇಕಾದದ್ದು ಯಾವುದಾದರೂ ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದೆಯೇ ಎಂಬುದನ್ನು. ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ಕ್ಷಣಕಾಲ ಕಳಚಿದೆ. ಸತ್ತ ಸಿಲಿಂಡರಿನ ವೈರು ತೆಗೆದರೆ ಎಂಜಿನ್ನಿಗೆ ಏನೂ ಆಗುವುದಿಲ್ಲ. ಜೀವವಿರುವುದರದ್ದು ತೆಗೆದರೆ ಕುಸಿಯುತ್ತದೆ. ನನ್ನಲ್ಲಿ ಮೂರೂ ಸಮನಾಗಿ ಕುಸಿದವು. ಕೀ ತಿರುಗಿಸಿದಾಗ ಕಾರ್ಬ್ಯುರೇಟರಿನ ಸೊಲೆನಾಯ್ಡ್, ಅಂದರೆ ವಿದ್ಯುತ್ತಿನಿಂದ ತೆರೆಯುವ ಪೆಟ್ರೋಲ್ ಕವಾಟ, 'ಟಕ್' ಎಂದಿತು. ಅದು ಕೆಟ್ಟಿದ್ದರೆ ಐಡ್ಲಿಂಗಿಗೆ ಇಂಧನ ಬಿಡುವ ಸಣ್ಣ ರಂಧ್ರವಾದ ಸ್ಲೋ ಜೆಟ್ಟಿಗೆ ಪೆಟ್ರೋಲೇ ಹರಿಯದೆ ಇದೇ ಲಕ್ಷಣ ಕಾಣುತ್ತಿತ್ತು.

ಸುಳಿವು ಕೊಟ್ಟದ್ದು ಚೋಕ್. ಎಂಜಿನ್ ಚೆನ್ನಾಗಿ ಬಿಸಿಯಾಗಿದ್ದಾಗ ಅದನ್ನು ಅರ್ಧ ಎಳೆದರೆ ಹೊಗೆ ಕಾರಿ ಉಸಿರುಗಟ್ಟಬೇಕು. ನನ್ನ ಕಾರು ಅದಕ್ಕೆ ಬದಲಾಗಿ ಹಾಲು ಕುಡಿದ ಮಗುವಿನಂತೆ ಶಾಂತವಾಯಿತು. ಪೆಟ್ರೋಲ್ ಹೆಚ್ಚಿದಾಗ ಸುಧಾರಿಸಿತೆಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ ಎಂದರ್ಥ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಐಡ್ಲಿಂಗಿನಲ್ಲಿ ಥ್ರಾಟಲ್ (ಒಳಗೆ ಗಾಳಿ ಬಿಡುವ ಬಾಗಿಲು) ಹೆಚ್ಚುಕಡಿಮೆ ಮುಚ್ಚಿರುವುದರಿಂದ ಎಂಜಿನ್ ಉಸಿರಾಡುವ ಗಾಳಿಯೇ ಅತ್ಯಲ್ಪ. ಆಗ ಎಲ್ಲೋ ಒಂದು ಸಣ್ಣ ಬಿರುಕಿನಿಂದ ನುಗ್ಗುವ ಕಳ್ಳಗಾಳಿ ಇಡೀ ಲೆಕ್ಕವನ್ನು ಕೆಡಿಸುತ್ತದೆ, ಆದರೆ ಥ್ರಾಟಲ್ ತೆರೆದು ಓಡುವಾಗ ಅದೇ ಬಿರುಕು ಗಣನೆಗೇ ಬರುವುದಿಲ್ಲ. ರಸ್ತೆಯಲ್ಲಿ ಸಾಧು, ಸಿಗ್ನಲ್ಲಿನಲ್ಲಿ ರಾಕ್ಷಸ ಎಂಬ ಸ್ವಭಾವದ ಗುಟ್ಟು ಇದು.

ಈಗ ಬಂಕಿನಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲಿನ ಪಾತ್ರವೂ ಇಲ್ಲಿದೆ. ಎಥನಾಲ್ ತನ್ನೊಳಗೇ ಆಮ್ಲಜನಕವನ್ನು ಹೊತ್ತು ತರುವುದರಿಂದ ಈ ಇಂಧನಕ್ಕೆ ಸುಮಾರು 13.5 ಪಾಲು ಗಾಳಿ ಸಾಕು. ಹಳೆಯ ಜೆಟ್ಟಿಗೆ ಇದನ್ನು ಅಳೆದುಕೊಳ್ಳುವ ಬುದ್ಧಿಯಿಲ್ಲ. ಕಂಪ್ಯೂಟರ್ ಇರುವ ಕಾರು ತಾನೇ ಹೊಂದಿಸಿಕೊಳ್ಳುತ್ತದೆ, ಕಾರ್ಬ್ಯುರೇಟರಿನದು ಮೊದಲೇ ತೆಳುವಾದ ಮಿಶ್ರಣವಾಗುತ್ತದೆ. ಅದರ ಮೇಲೆ ಗಾಳಿಯೂ ಸೋರಿದರೆ ಕೇಳಬೇಕೆ?

ಸೋರಿಕೆ ಹುಡುಕಲು ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆಯುವ ರೂಢಿಯಿದೆ. ಬಿಸಿ ಎಕ್ಸಾಸ್ಟ್ ಮತ್ತು ಪ್ಲಗ್ ವೈರುಗಳ ಪಕ್ಕದಲ್ಲಿ ಬೆಂಕಿ ಹಿಡಿಯುವ ದ್ರವವನ್ನು ಸಿಂಪಡಿಸುವ ಧೈರ್ಯ ನನಗಿಲ್ಲ. ಔಷಧಿ ಅಂಗಡಿಯಿಂದ ಸೂಜಿಯಿಲ್ಲದ ಸಿರಿಂಜು ತಂದು, ನೀರು ತುಂಬಿ, ಅನುಮಾನವಿದ್ದ ಕೂಡುಗಳ ಮೇಲೆ ತೊಟ್ಟುತೊಟ್ಟಾಗಿ ಬಿಟ್ಟೆ. ಬಿರುಕಿದ್ದಲ್ಲಿ ನೀರು ಅದನ್ನು ಕ್ಷಣಕಾಲ ಮುಚ್ಚಿ ಎಂಜಿನ್ನಿನ ಸದ್ದು ಬದಲಾಗುತ್ತದೆ. ಜೊತೆಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡ, ನಿರ್ವಾತ ಅಳೆಯುವ ವ್ಯಾಕ್ಯೂಮ್ ಗೇಜನ್ನು ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ಮ್ಯಾನಿಫೋಲ್ಡಿಗೆ ಜೋಡಿಸಿದ್ದೆ. ಗಾಳಿ ಸೋರಿದರೆ ಅದರ ಮುಳ್ಳು ಇಳಿಯುತ್ತದೆ; ನನ್ನದು ಪಾದರಸದ 12 ಇಂಚಿನ ಆಸುಪಾಸಿನಲ್ಲಿ ತೂಗಾಡುತ್ತಿತ್ತು.

ಮೊದಲ ಕಳ್ಳ ಸಿಕ್ಕಿದ್ದು ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ರಬ್ಬರ್ ಪೈಪಿನ ತುದಿಯಲ್ಲಿ. ಒಣಗಿ ಸೀಳಿದ್ದ ಒಂದು ಸೆಂಟಿಮೀಟರನ್ನು ಕತ್ತರಿಸಿ ಮತ್ತೆ ತೊಡಿಸಿದೆ. ಮುಳ್ಳು 14ಕ್ಕೆ ಏರಿತು, ನಡುಕ ಅರ್ಧ ಇಳಿಯಿತು, ನಾನು ಕೈ ತೊಳೆದುಕೊಂಡೆ. ಮರುದಿನ ಕಾರು ಮತ್ತೆ ಸಿಗ್ನಲ್ಲಿನಲ್ಲಿ ಆಫ್ ಆದಾಗ ಹಿಂದಿದ್ದ ಬಸ್ಸಿನ ಚಾಲಕರು ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ, ಹಾರನ್ನಿನಲ್ಲೇ ಎಲ್ಲವನ್ನೂ ತಿಳಿಸಿದರು.

ಎರಡನೆಯದು ಕಾರ್ಬ್ಯುರೇಟರಿನ ಬುಡದಲ್ಲಿತ್ತು. ಅದಕ್ಕೂ ಮ್ಯಾನಿಫೋಲ್ಡಿಗೂ ನಡುವೆ ಶಾಖ ತಡೆಯುವ ದಪ್ಪ ಇನ್ಸುಲೇಟರ್ ಮತ್ತು ಅದರ ಎರಡೂ ಬದಿಗೆ ಪ್ಯಾಕಿಂಗ್ ಇರುತ್ತವೆ. ಹಿಂಬದಿಯ ಮೂಲೆಗೆ, ಕಣ್ಣಿಗೆ ಕಾಣದ ಕಡೆಗೆ, ನೀರು ಬಿಟ್ಟೊಡನೆ ಎಂಜಿನ್ನಿನ ಸದ್ದು ಎರಡು ಮೂರು ಕ್ಷಣ ಹದವಾಗಿ ಮತ್ತೆ ಕೆಟ್ಟಿತು. ಬಿಚ್ಚಿ, ಗಾಜಿನ ಮೇಲಿಟ್ಟು ನೋಡಿದರೆ ಇನ್ಸುಲೇಟರ್ ಬಾಗಿತ್ತು. ಸಡಿಲವಾದ ನಟ್ಟುಗಳನ್ನು ವರ್ಷಗಟ್ಟಲೆ ಬಲವಾಗಿ ಬಿಗಿಯುತ್ತ ಬಂದರೆ ಹೀಗೆಯೇ ಆಗುತ್ತದೆ. ಆ ಬಿಗಿತದಲ್ಲಿ ನನ್ನ ಕೈಯೂ ಇತ್ತೆಂಬುದನ್ನು ಒಪ್ಪಿಕೊಳ್ಳಬೇಕು. ಹೊಸ ಇನ್ಸುಲೇಟರ್, ಹೊಸ ಪ್ಯಾಕಿಂಗ್ ಹಾಕಿ, ನಟ್ಟುಗಳನ್ನು ಅದಲುಬದಲಾಗಿ ಹಿತವಾಗಿ ಬಿಗಿದು, ಗ್ಯಾರೇಜಿನವರು ಏರಿಸಿದ್ದ ಐಡ್ಲಿಂಗನ್ನು ಇಳಿಸಿದೆ. ಬಳಿಕ ಮುಳ್ಳು ಅತಿ ಹೆಚ್ಚು ಏರುವಲ್ಲಿಗೆ, ಐಡ್ಲಿಂಗಿನ ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡುವ ಮಿಕ್ಸ್‌ಚರ್ ಸ್ಕ್ರೂವನ್ನು ಹೊಂದಿಸಿದೆ. ಮುಳ್ಳು 16ರಲ್ಲಿ ನಿಂತಿತು.

ಕಾರು ಸುಮ್ಮನಾದರೂ ನನಗೆ ಸಮಾಧಾನವಾಗಲಿಲ್ಲ. ಗೇಜಿನ ಜೊತೆ ಬಂದ ಹಾಳೆಯ ಪ್ರಕಾರ ಆರೋಗ್ಯವಂತ ಎಂಜಿನ್ 17ರಿಂದ 21 ಇಂಚು ತೋರಿಸಬೇಕು. ಪಿಸ್ಟನ್ ರಿಂಗ್ ಸವೆದಿರಬಹುದೇ, ಎಂಜಿನ್ ಬಿಚ್ಚಿಸಬೇಕೇ ಎಂದು ಎರಡು ದಿನ ಚಿಂತಿಸಿದ ಮೇಲೆ, ಆ ಅಂಕಿಗಳು ಸಮುದ್ರಮಟ್ಟಕ್ಕೆ ಬರೆದವು ಎಂಬುದು ಹೊಳೆಯಿತು. ಪ್ರತಿ ಸಾವಿರ ಅಡಿ ಎತ್ತರಕ್ಕೆ ಗೇಜು ಸುಮಾರು ಒಂದು ಇಂಚು ಕಡಿಮೆ ತೋರಿಸುತ್ತದೆ, ಬೆಂಗಳೂರು ಇರುವುದು ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿ.

ಡಿಸೆಂಬರಿನಲ್ಲಿ ಮಂಗಳೂರಿಗೆ ಮದುವೆಗೆ ಹೋದಾಗ ಗೇಜು ಡಿಕ್ಕಿಯಲ್ಲಿತ್ತು. ಚಿಕ್ಕಮ್ಮನ ಮನೆಯ ಅಂಗಳದಲ್ಲಿ, ಒಳಗಿನಿಂದ "ಊಟಕ್ಕೆ ಬಾ ಮಾರಾಯ, ಕಾರು ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ಅವರು ಕೂಗುತ್ತಿದ್ದಾಗ, ಮುಳ್ಳು 19ರಲ್ಲಿ ಅಲುಗಾಡದೆ ನಿಂತಿತ್ತು. ಅಲ್ಲಿಯ ದಟ್ಟ ಗಾಳಿಗೆ ಮಿಶ್ರಣ ಕೊಂಚ ತೆಳುವಾದಂತೆ ಕಂಡಿತು. ಪೆಟ್ರೋಲ್ ಹೆಚ್ಚಿಸಲು ಅದೇ ಸ್ಕ್ರೂವನ್ನು ಕಾಲು ಸುತ್ತು ಹೊರಗೆ ತಿರುಗಿಸಿ ಊಟಕ್ಕೆ ಹೋದೆ, ಶಿರಾಡಿ ಘಾಟಿ ಹತ್ತಿ ಊರಿಗೆ ಮರಳಿದ ಮೇಲೆ ಅಷ್ಟನ್ನೇ ಒಳಗೆ ತಿರುಗಿಸಿದೆ.